ನಾಲ್ಕನೆಯ ವಾಕ್ಯದ ದೀನಾ

ಬೆಂಗೇರಿ, ಹುಬ್ಬಳ್ಳಿ
೧೦ ಜೂನ್ ೨೦೨೪

ಮಾನ್ಯ ಲೇಖಕ ಮಹಾಶಯರಿಗೆ, ಪ್ರಕಾಶಕರ ಮುಖಾಂತರ.

ನಮಸ್ಕಾರ. ತಾವು ಬರೆದ ‘ಇಂಗ್ಲಿಷ್ ಕೂಡುಕ್ರಿಯಾಪದಗಳ ಅಭ್ಯಾಸ’ವನ್ನು ರಾಯಾಪುರದ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆಗೆ ಕಲಿಸುವ ಶಿಕ್ಷಕಿ ನಾನು. ಪುಸ್ತಕದ ಬಗ್ಗೆ ತಕರಾರಿಲ್ಲ. ‘ಗಿವ್’ ಎಂದರೆ ಕೊಡು, ‘ಗಿವ್ ಅಪ್’ ಎಂದರೆ ಕೈಬಿಡು. ‘ಟರ್ನ್’ ಎಂದರೆ ತಿರುಗು, ‘ಟರ್ನ್ ಅಪ್’ ಎಂದರೆ ಬಂದು ಹಾಜರಾಗು. ಸಣ್ಣದೊಂದು ಬಾಲ ಅಂಟಿಕೊಂಡ ಕೂಡಲೇ ಇಂಗ್ಲಿಷ್ ಕ್ರಿಯಾಪದ ಬೇರೆಯೇ ಪ್ರಾಣಿಯಾಗಿಬಿಡುವುದನ್ನು ಕನ್ನಡ ಶಾಲೆಯ ಮಕ್ಕಳಿಗೆ ನಗುನಗುತ್ತ ತಿಳಿಯುವ ಹಾಗೆ ಬರೆದಿದ್ದೀರಿ. ಉದಾಹರಣೆಗಳಲ್ಲಿ ನಿಮ್ಮ ಸ್ಟಾಫ್‌ರೂಮಿನ ಗೆಳೆಯರ ಹೆಸರುಗಳನ್ನೇ ಹಾಕಿದ್ದರಿಂದ ವಾಕ್ಯಗಳಿಗೆ ಜೀವವೂ ಇದೆ.

ತಕರಾರು ಹನ್ನೊಂದನೆಯ ಪಾಠದ ನಾಲ್ಕನೆಯ ವಾಕ್ಯದ ಬಗ್ಗೆ. ‘ದೀನಾ ಈಸ್ ಲುಕಿಂಗ್ ಫಾರ್ವರ್ಡ್ ಡ್ಯಾಶ್ ಹರ್ ವೆಡ್ಡಿಂಗ್.’ ದೀನಾ ತನ್ನ ಮದುವೆಯ ಹಾದಿ ನೋಡುತ್ತಿದ್ದಾಳೆ. ನಡುವೆ ಬಿಟ್ಟ ಸ್ಥಳ, ಅಲ್ಲಿ ಮಕ್ಕಳು ‘ಟು’ ಎಂದು ತುಂಬಬೇಕು.

ನನ್ನ ಹೆಸರೂ ದೀನಾ ಎಂಬುದು ತಮಗೆ ಗೊತ್ತಿರಲಿಕ್ಕಿಲ್ಲ. ಹನ್ನೊಂದನೆಯ ಪಾಠ ಬರುವುದು ಆಗಸ್ಟಿನಲ್ಲಿ. ಆದರೆ ಪುಸ್ತಕ ಕೈಗೆ ಬಂದ ದಿನವೇ ಮಕ್ಕಳು ಆ ಪುಟ ಹುಡುಕಿ ಇಟ್ಟಿರುತ್ತಾರೆ. ಹತ್ತನೆಯ ಇಯತ್ತೆಗೆ ಹೋದವರು ಹೋಗುವಾಗ ಹೇಳಿಯೇ ಹೋಗಿರುತ್ತಾರೆ. ಈ ಸಲವೂ ಮುಂದಿನ ಬೆಂಚಿನ ಗೀತಾಂಜಲಿ ಎಂಬ ಹುಡುಗಿ ಎದ್ದು ನಿಂತಳು.

“ಟೀಚರ್, ಇದು ನೀವ ಏನ್ರಿ?”

“ಅಲ್ಲವ್ವಾ, ಅದು ಬ್ಯಾರೆ ದೀನಾ.”

“ಆಕೀದು ಮದಿವಿ ಆತೇನ್ರಿ?”

“ಪುಸ್ತಕದಾಗ ಇದ್ದಷ್ಟ ನನಗ ಗೊತ್ತು. ಕೂಡು.”

ಪ್ರತಿವರ್ಷ ಇದೇ ಪ್ರಶ್ನೆ, ಇದೇ ಸುಳ್ಳು. ಮುಂದಿನ ಮುದ್ರಣದಲ್ಲಿ ಈ ವಾಕ್ಯವನ್ನು ತೆಗೆದುಹಾಕಬೇಕೆಂದು ವಿನಂತಿ. ಮಕ್ಕಳು ರಜೆಯ ಹಾದಿಯನ್ನೋ ದೋಸೆಯ ಹಾದಿಯನ್ನೋ ನೋಡಿದರೂ ‘ಟು’ ಕಲಿಯಲಿಕ್ಕೆ ಅಡ್ಡಿಯಿಲ್ಲ.

ತಮ್ಮ ವಿಶ್ವಾಸಿ,
ದೀನಾ ನೆಹೆಮಿಯಾ
ಸಹಶಿಕ್ಷಕಿ


ಮಾಳಮಡ್ಡಿ, ಧಾರವಾಡ
೨೧ ಜೂನ್ ೨೦೨೪

ಚಿ. ದೀನಾಗೆ ತ್ರ್ಯಂಬಕ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಕಮರಿಪೇಟೆಯ ಪ್ರೆಸ್ಸಿಗೆ ಹೋಗಿ, ಅಲ್ಲಿ ಶಾಯಿಯ ಡಬ್ಬಿಯ ಕೆಳಗೆ ವಿಶ್ರಾಂತಿ ಪಡೆದು, ಅಂಚಿಗೆ ಒಂದು ಕರಿ ಉಂಗುರ ತೊಟ್ಟುಕೊಂಡು ಮನೆಗೆ ಬಂತು. ನಮ್ಮ ಗೇಟಿನ ಚಿಲಕವನ್ನು ಎಡಕ್ಕೆ ಎತ್ತಿ ಒದ್ದರೆ ಮಾತ್ರ ತೆಗೆಯುತ್ತದೆ ಎಂದು ಬಲ್ಲ ಹುಡುಗಿ ನನ್ನನ್ನು ‘ಲೇಖಕ ಮಹಾಶಯ’ ಎಂದು ಕರೆದಿದ್ದಾಳೆ. ಆಗಲಿ. ಆ ಮಹಾಶಯದಲ್ಲಿ ಒಂದು ಆಶಯವಾದರೂ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಫೋನ್ ಮಾಡಲಿಲ್ಲವೆಂದು ನನ್ನ ದೂರಿಲ್ಲ. ನಿವೃತ್ತಿಯಾದ ಮೇಲೆ ಕಿವಿಯೂ ನಿವೃತ್ತಿ ತೆಗೆದುಕೊಂಡಿತು. ನನಗೆ ಯಾರ ಮಾತೂ ಕೇಳುವುದಿಲ್ಲ, ಮನೆಯಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ. ಒಟ್ಟಿನಲ್ಲಿ ಸಂಸಾರ ಸಮತೋಲದಲ್ಲಿದೆ. ಕಿವಿಯ ಯಂತ್ರ ಹಾಕಿಕೊಂಡರೆ ನಿಮ್ಮ ಕಾಶೀಬಾಯಿ ಕಾಕುವಿನ ದನಿಗಿಂತ ಮಿಕ್ಸರಿನ ದನಿ ಸ್ಪಷ್ಟವಾಗಿ ಬರುತ್ತದೆ. ಆಕೆ ಅದನ್ನು ಅಪಮಾನವೆಂದು ತಿಳಿದಿದ್ದಾಳೆ.

ಈಗ ವಾಕ್ಯದ ಮಾತು. ಗುರುಬಸವನ ಪ್ರೆಸ್ಸಿನಲ್ಲಿ ಹಳೆಯ ಪ್ಲೇಟಿನಿಂದಲೇ ವರ್ಷಾ ವರ್ಷಾ ತೆಗೆಯುತ್ತಾರೆ. ಒಂದು ಅಕ್ಷರ ಕದಲಿಸಿದರೂ ಪುಸ್ತಕ ಪೂರ್ತಿ ಹೊಸದಾಗಿ ಕೂಡಿಸಬೇಕು ಎನ್ನುತ್ತಾನೆ. ಇಷ್ಟಾಗಿಯೂ ಅದು ಲಕ್ಷಣವಾದ ವಾಕ್ಯ, ತಂಗಿ. ನಮ್ಮ ಕನ್ನಡದ ವಿಭಕ್ತಿಗಳು ಶಬ್ದದ ಬಾಲ ಹಿಡಿದುಕೊಂಡೇ ಇರುತ್ತವೆ. ಅವುಗಳಿಗೆ ಭಕ್ತಿ ಹೆಚ್ಚು. ಇಂಗ್ಲಿಷಿನ ಈ ಪುಡಿಪದಗಳು ಹಾಗಲ್ಲ, ಇವತ್ತು ಒಬ್ಬನ ಸಂಗಡ, ನಾಳೆ ಇನ್ನೊಬ್ಬನ ಸಂಗಡ. ‘ಗೆಟ್’ ಎಂಬ ಒಂದು ಕ್ರಿಯಾಪದ ಎಷ್ಟು ಜನರನ್ನು ಕಟ್ಟಿಕೊಂಡಿದೆಯೋ ಅದಕ್ಕೇ ನೆನಪಿಲ್ಲ. ಆದರೆ ‘ಲುಕ್’, ‘ಫಾರ್ವರ್ಡ್’, ‘ಟು’ ಮೂರೂ ಒಮ್ಮೆ ಕೂಡಿದವೆಂದರೆ ಬಿಟ್ಟಿರುವುದಿಲ್ಲ. ಇಷ್ಟು ಕೂಡಿದ್ದು ವ್ಯಾಕರಣದಲ್ಲಾದರೂ ಇರಲಿ ಬಿಡು.

ನಿಮ್ಮಪ್ಪ ಹೇಗಿದ್ದಾನೆ? ಈಗಲೂ ಚಹಾಕ್ಕೆ ಉಪ್ಪು ಬೆರೆಸಿ ಅದನ್ನು ಔಷಧ ಎನ್ನುತ್ತಾನೆಯೇ?

ನಿನ್ನ
ತ್ರ್ಯಂಬಕ ಕಾಕಾ


ಬೆಂಗೇರಿ, ಹುಬ್ಬಳ್ಳಿ
೮ ಜುಲೈ ೨೦೨೪

ಮಾನ್ಯ ತ್ರ್ಯಂಬಕ ಅವರಿಗೆ,

ಅಪ್ಪ ಚಹಾ ಬಿಟ್ಟಿದ್ದಾರೆ. ಉಪ್ಪನ್ನೂ ಬಿಟ್ಟಿದ್ದಾರೆ. ನಿಮ್ಮ ಪತ್ರ ಬಂದದ್ದನ್ನು ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಅರ್ಧ ತಾಸು ಪುಟ ತಿರುವಲೂ ಇಲ್ಲ.

ಕಳೆದ ವಾರ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ತರಗತಿ ನೋಡಲು ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ಪುಸ್ತಕ ತಿರುವಿಹಾಕಿದರು. ಯಾವ ಪುಟ ತೆರೆದುಕೊಂಡಿರಬಹುದು ಎಂದು ಹೇಳಬೇಕಾಗಿಲ್ಲ. ಮಕ್ಕಳ ಬೆರಳು ತಾಗಿ ತಾಗಿ ಎಲ್ಲರ ಪುಸ್ತಕವೂ ಈಗ ಅಲ್ಲೇ ತೆರೆದುಕೊಳ್ಳುತ್ತದೆ. ಅಧಿಕಾರಿ ನಕ್ಕು, ತರಗತಿಯ ಎದುರೇ ಕೇಳಿದರು: “ಏನ್ ಟೀಚರ್, ಪುಸ್ತಕದಾಗನ ಬ್ಯಾನರ್ ಹಚ್ಚೀರಲ್ಲ! ನಮಗೂ ಒಂದ ಕಾರ್ಡ್ ಕೊಡ್ರಿ ಮತ್ತ.” ಮಕ್ಕಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಧಿಕಾರಿ ನಗುತ್ತಿದ್ದರಿಂದ ನಕ್ಕರು. ನಾನೂ ನಕ್ಕೆ. ಅದು ನನಗೆ ಈಗ ರೂಢಿಯಾಗಿದೆ.

ಆಮೇಲೆ ಹೆಡ್‌ಮಾಸ್ತರ್ ರಾಜಶೇಖರ ಸರ್ ಹತ್ತಿರ ಹೋಗಿ, ಬರುವ ವರ್ಷದಿಂದ ಇಂಗ್ಲಿಷ್ ಬಿಡುತ್ತೇನೆ, ನನಗೆ ಸಮಾಜ ವಿಜ್ಞಾನ ಕೊಡಿ ಎಂದೆ. ಅವರು ಮೊದಲು ನಿಮ್ಮ ಸ್ಟಾಫ್‌ರೂಮಿನಲ್ಲೇ ಇದ್ದವರಲ್ಲ, ಪುಸ್ತಕದ ಆರನೆಯ ಪಾಠದಲ್ಲಿ ‘ರಾಜಶೇಖರ್ ಹ್ಯಾಸ್ ರನ್ ಔಟ್ ಆಫ್ ಚಾಕ್’ ಎಂದು ಅವರ ಚಾಕ್ ಮುಗಿಸಿ ನಿಲ್ಲಿಸಿದ್ದೀರಿ. ಅವರು ಹೇಳಿದ್ದು ಇಷ್ಟು:

“ಟೀಚರ್, ನಾನೂ ಆ ಪುಸ್ತಕದಾಗ ಇಷ್ಟ ವರ್ಷದಿಂದ ಚಾಕ್ ಇಲ್ಲದ ನಿಂತೇನ್ರಿ. ಒಬ್ರರ ಒಂದ ತುಂಡ ಕೊಟ್ಟಾರೇನು? ಮನಸಿಗೆ ಹಚ್ಕೋಬ್ಯಾಡ್ರಿ.”

ಚಾಕ್ ಮುಗಿದರೆ ಆಫೀಸಿನಿಂದ ತರಬಹುದು, ಸರ್, ಎಂದೆ. ಯೋಚನೆ ಮಾಡಿ ಮಾರ್ಚಿಯೊಳಗೆ ಹೇಳಿ ಎಂದರು.

‘ಇರಲಿ ಬಿಡು’ ಎಂದು ಬರೆದಿದ್ದೀರಿ. ನಿಮ್ಮ ಮಗ ಸುಶ್ರುತ ವಿಜಯಪುರದಿಂದ ಫೋನ್ ಮಾಡಿ ‘ಇದು ಆಗೂದಿಲ್ಲ ದೀನಾ’ ಎಂದದ್ದು ಏಳು ವರ್ಷದ ಹಿಂದೆ. ಯಾಕೆಂದು ನಾನು ಕೇಳಲಿಲ್ಲ. ಮನೆಯವರು ಯಾರೂ ಹೇಳಲಿಲ್ಲ. ಒಂದು ಫೋನಿನಲ್ಲಿ ಮುಗಿದದ್ದು ಅದು. ನಿಮ್ಮ ಪುಸ್ತಕದಲ್ಲಿ ಮಾತ್ರ ಪ್ರತಿ ಜೂನಿನಲ್ಲಿ ಮತ್ತೆ ಶುರುವಾಗುತ್ತದೆ. ಹಾದಿ ನೋಡುತ್ತಿರುವವಳು ನಿಮ್ಮ ಪುಸ್ತಕದ ದೀನಾ. ನಾನು ಎಂದೋ ಎದ್ದು ಬಂದಿದ್ದೇನೆ. ಆದರೆ ದಿನಾ ತರಗತಿಗೆ ಹೋಗಿ ಅವಳ ಪಕ್ಕ ನಿಲ್ಲಬೇಕು. ಕಾಲು ನೋಯುತ್ತವೆ.

ದೀನಾ


ಮಾಳಮಡ್ಡಿ, ಧಾರವಾಡ
೨ ಆಗಸ್ಟ್ ೨೦೨೪

ಚಿ. ದೀನಾಗೆ,

ನಿನ್ನ ಪತ್ರ ಓದಿ ನಾಲ್ಕು ದಿನ ಏನೂ ಬರೆಯಲಿಲ್ಲ. ಐದನೆಯ ದಿನ ಬಸ್ ಹತ್ತಿ ಕಮರಿಪೇಟೆಗೆ ಹೋದೆ. ಗುರುಬಸವನಿಗೆ ನನ್ನ ಕಿವಿಯ ಸ್ಥಿತಿ ಗೊತ್ತು. ಅದಕ್ಕೇ ಅವನು ನನ್ನೊಡನೆ ಮಾತಾಡುವುದೆಂದರೆ ಓಣಿಗೆಲ್ಲ ಡಂಗುರ ಸಾರಿದ ಹಾಗೆ.

“ಸರ್ರ, ಛಲೋ ಓಡೋ ಪುಸ್ತಕ ಐತ್ರಿ! ಅದರ ಕಾಲ ಯಾಕ ಮುರೀತೀರಿ?”

“ಒಂದ ವಾಕ್ಯ ತೆಗೀಬೇಕಪ್ಪ.”

“ಯಾವುದ್ರಿ? ದೀನಾನ ಲಗ್ನದ್ದು?”

ಎದುರಿನ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತರು.

“ಸಣ್ಣಗ ಮಾತಾಡೋ ಮಾರಾಯ.”

“ಸಣ್ಣಗ ಮಾತಾಡಿದ್ರ ನಿಮಗ ಕೇಳೂದಿಲ್ರಿ!”

ಇದು ಖರೇ ಮಾತು. ನಾನು ಬಾಗಿಲು ಹಾಕಿದೆ. ಅವನು ಇನ್ನೂ ಗಟ್ಟಿಯಾಗಿ, ಆದರೆ ಬಾಗಿಲಿನ ಒಳಗೆ, ಹೇಳಿದ: ತಿದ್ದುವುದಾದರೆ ಪೂರಾ ತಿದ್ದಿ ಕೊಡಬೇಕು, ದೀಪಾವಳಿಯ ಒಳಗೆ; ಒಂದು ಸಾಲಿಗಾಗಿ ಅವನು ಮೆಷಿನ್ ಮುಟ್ಟುವುದಿಲ್ಲ. ಒಪ್ಪಿಕೊಂಡು ಬಂದಿದ್ದೇನೆ. ಹೊಸ ಆವೃತ್ತಿ ಬರುತ್ತದೆ, ಆ ವಾಕ್ಯ ಅದರಲ್ಲಿ ಇರುವುದಿಲ್ಲ.

ಅದು ಅಲ್ಲಿಗೆ ಹೇಗೆ ಬಂತು ಎಂಬುದು ನಿನಗೂ ಗೊತ್ತು. ಆದರೂ ಒಮ್ಮೆ ಬರೆದುಬಿಡುತ್ತೇನೆ, ತೆಗೆಯುವ ಮುಂಚೆ. ನೀನೂ ಸುಶ್ರುತನೂ ಎರಡೂ ಮನೆಗಳಲ್ಲಿ ವಿಷಯ ಹೇಳಿದ ಮರುದಿನ ಪುಸ್ತಕದ ಪ್ರೂಫ್ ನಮ್ಮ ಸ್ಟಾಫ್‌ರೂಮಿನ ಮೇಜಿನ ಮೇಲಿತ್ತು. ನಾನು ತಿದ್ದುವುದು, ನಿಮ್ಮಪ್ಪ ನೆಹೆಮಿಯಾ ಗಟ್ಟಿಯಾಗಿ ಓದುವುದು, ಇದು ನಮ್ಮ ಪದ್ಧತಿ. ಹನ್ನೊಂದನೆಯ ಪಾಠದಲ್ಲಿ ರಾಮನೆಂಬವನು ರಜೆಯ ಹಾದಿ ನೋಡುತ್ತ ಕುಳಿತಿದ್ದ. ಅವನನ್ನು ಎಬ್ಬಿಸಿ ನಿನ್ನನ್ನು ಕೂಡಿಸಿದೆ. ನಿಮ್ಮಪ್ಪ ಓದಿ, ಕನ್ನಡಕ ತೆಗೆದು ಒರೆಸಿಕೊಂಡು ಅಂದ: “ಮಾಸ್ತರ, ಅಕ್ಷತಿ ಹಾಕೂದು ಲಗ್ನದ ದಿವಸ. ನೀವು ಪ್ರೂಫಿನ್ಯಾಗ ಹಾಕಾಕತ್ತೀರಿ.” ಚರ್ಚಿನಲ್ಲಿ ಅಕ್ಷತೆ ಹಾಕಲು ಬಿಡುತ್ತಾರೋ ಇಲ್ಲವೋ ಎಂದು ನಾನು ಅಂದೆ. ಇಬ್ಬರೂ ನಕ್ಕೆವು. ಹೀಗೆ ನನ್ನ ಅಕ್ಷತೆ ಅಚ್ಚಾಗಿಹೋಯಿತು.

ಆಮೇಲೆ ನಮ್ಮ ಮನೆಯಲ್ಲಿ ನಿನ್ನ ಹೆಸರು ಯಾರೂ ಎತ್ತಲಿಲ್ಲ. ಪುಸ್ತಕದಲ್ಲಿ ಒಂದಾದರೂ ಇದೆಯಲ್ಲ ಎಂದು ನನಗೆ ಅನಿಸುತ್ತಿತ್ತು. ಅಲ್ಲಿಂದ ಅದನ್ನು ಹುಡುಗರು ಗಟ್ಟಿಯಾಗಿ ಓದುತ್ತಾರೆ, ನೀನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ಈ ಕಿವುಡನಿಗೆ ಹೊಳೆಯಲಿಲ್ಲ.

ತಿದ್ದಿದ ಪ್ರತಿಯನ್ನು ಮೊದಲು ನಿನಗೇ ಕಳಿಸುತ್ತೇನೆ.

ಕಾಕಾ


ಬೆಂಗೇರಿ, ಹುಬ್ಬಳ್ಳಿ
೩೦ ಸೆಪ್ಟೆಂಬರ್ ೨೦೨೪

ತ್ರ್ಯಂಬಕ ಕಾಕಾ ಅವರಿಗೆ,

ತಿದ್ದಿದ ಪ್ರತಿ ಬಂತು. ಕೃತಜ್ಞತೆ ಹೇಳಬೇಕೆಂದು ಕುಳಿತೆ. ಪುಟ ತಿರುವಿದ ಮೇಲೆ ಪೆನ್ ಕೆಳಗಿಟ್ಟೆ.

ನಾಲ್ಕನೆಯ ವಾಕ್ಯ ಹೋಗಿದೆ, ಸರಿ. ಅದರ ಸಂಗಡ ಉಳಿದವರೆಲ್ಲ ಎಲ್ಲಿಗೆ ಹೋದರು? ‘ಎ’ಯ ಚಾಕ್ ಮುಗಿದಿದೆ. ‘ಬಿ’ ತಡವಾಗಿ ಬರುತ್ತಾನೆ. ‘ಸಿ’ ಎಂಬವನು ‘ಡಿ’ ಎಂಬವನನ್ನು ಸಹಿಸಿಕೊಳ್ಳುತ್ತಾನೆ. ಯಾಕೆ ಸಹಿಸಿಕೊಳ್ಳಬೇಕು? ‘ಡಿ’ ಏನು ಮಾಡಿದ? ಮೊದಲು ಅಲ್ಲಿ ‘ನೆಹೆಮಿಯಾ ಪುಟ್ಸ್ ಅಪ್ ವಿತ್ ತ್ರ್ಯಂಬಕ’ ಎಂದಿದ್ದಾಗ ಯಾರೂ ಕಾರಣ ಕೇಳುತ್ತಿರಲಿಲ್ಲ. ಪಾಪ ನೆಹೆಮಿಯಾ ಎಂದು ಮಕ್ಕಳಿಗೇ ತಿಳಿಯುತ್ತಿತ್ತು.

ಎರಡು ಪಾಠ ಜೆರಾಕ್ಸ್ ಮಾಡಿಸಿ ತರಗತಿಯಲ್ಲಿ ಕೊಟ್ಟು ನೋಡಿದೆ. ಊಟದ ಬಿಡುವಿಗೆ ಮುಂಚಿನ ಪಿರಿಯಡ್. ಅರ್ಧ ಮಂದಿ ಆಕಳಿಸಿದರು, ಉಳಿದ ಅರ್ಧ ಅವರನ್ನು ನೋಡಿ ಆಕಳಿಸಿದರು. ಗೀತಾಂಜಲಿ ಮಾತ್ರ ಎದ್ದಳು.

“ಟೀಚರ್, ಈ ‘ಎ’ ಯಾರ್ರೀ?”

“ಯಾರರ ಇರ್ಲಿ. ಬಿಟ್ಟ ಸ್ಥಳ ತುಂಬು.”

“ಹೆಡ್‌ಸರ್ ಎಲ್ಲಿ ಹೋದ್ರಿ? ಅವರಿಗೆ ಚಾಕ್ ಸಿಕ್ತೇನ್ರಿ?”

ರಾಜಶೇಖರ ಸರ್ ಅದೇ ಹೊತ್ತಿಗೆ ಬಾಗಿಲ ಹತ್ತಿರ ಹಾಯ್ದು ಹೋದರು. ಕೇಳಿಸಿಕೊಂಡರೆಂದು ಕಾಣುತ್ತದೆ. ಸಂಜೆ ಜೆರಾಕ್ಸ್ ಹಾಳೆ ತರಿಸಿಕೊಂಡು ನೋಡಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನಗೆ ವಾಪಸ್ ಕೊಟ್ಟು, “ನಮ್ಮನ್ನೂ ತಗದಬಿಟ್ರು ನೋಡ್ರಿ” ಎಂದರು.

ಇನ್ನೊಂದು. ಆಗಸ್ಟಿನಲ್ಲಿ ಹಳೆಯ ಪುಸ್ತಕದಿಂದಲೇ ಹನ್ನೊಂದನೆಯ ಪಾಠದ ಕಿರುಪರೀಕ್ಷೆ ಮಾಡಿದೆ. ‘ಟು’ ಬರೆಯುವಲ್ಲಿ ಒಬ್ಬರು ‘ವಿದೌಟ್’ ಎಂದು ಬರೆದಿದ್ದರು. ಮದುವೆ ಇಲ್ಲದೆ ದೀನಾ ಮುಂದೆ ನೋಡುತ್ತಿದ್ದಾಳೆ. ಕೆಂಪು ಪೆನ್ ಹಿಡಿದು ಬಹಳ ಹೊತ್ತು ಕುಳಿತೆ. ತಪ್ಪು ಎಂದು ಹಾಕಲು ಕೈ ಬರಲಿಲ್ಲ, ಸರಿ ಎಂದು ಹಾಕಲು ನೌಕರಿ ಬಿಡಲಿಲ್ಲ. ಸುಮ್ಮನೆ ಅದರ ಕೆಳಗೆ ಒಂದು ಗೆರೆ ಎಳೆದು ಬಿಟ್ಟೆ.

ಕಾಶೀಬಾಯಿ ಕಾಕು ಕಳಿಸಿದ ಲಗ್ನಪತ್ರಿಕೆ ಶುಕ್ರವಾರ ಮುಟ್ಟಿದೆ. ಸುಶ್ರುತ, ಧನಶ್ರೀ. ಎರಡೂ ಹೆಸರು ಚೆನ್ನಾಗಿ ಕೂಡಿವೆ. ನೀವು ನಿಮ್ಮ ಪತ್ರದಲ್ಲಿ ಅದನ್ನು ಬರೆಯದೆ ಬಿಟ್ಟಿರಿ. ಅಷ್ಟು ಕಷ್ಟ ಬೇಕಾಗಿರಲಿಲ್ಲ.

ನಾನು ಕೇಳಿದ್ದು ಒಂದು ವಾಕ್ಯ ತೆಗೆಯಿರಿ ಎಂದು. ನೀವು ಇಡೀ ಸ್ಟಾಫ್‌ರೂಮ್ ಖಾಲಿ ಮಾಡಿ ಕಳಿಸಿದ್ದೀರಿ.

ದೀನಾ


ಮಾಳಮಡ್ಡಿ, ಧಾರವಾಡ
೧೩ ಅಕ್ಟೋಬರ್ ೨೦೨೪

ಚಿ. ದೀನಾಗೆ,

ನಿನ್ನೆ ದಸರೆಯಾಯಿತು. ಬನ್ನಿ ಎಲೆ ಈ ಲಕೋಟೆಯಲ್ಲಿದೆ. ಚಿಕ್ಕವರು ಹಿರಿಯರ ಮನೆಗೆ ಬಂದು ಕೊಡುವುದು ಪದ್ಧತಿ. ಹಿರಿಯರು ಅಂಚೆಯಲ್ಲಿ ಕಳಿಸಿದರೆ ಅದು ಬಂಗಾರವಾಗುತ್ತದೋ ಬರೀ ಸೊಪ್ಪಾಗುತ್ತದೋ ತಿಳಿಯದು. ಇಟ್ಟುಕೋ.

ಮನೆಯ ತುಂಬ ಸೀರೆ, ಡಬ್ಬಿ, ನೆಂಟರು. ಯಾರೋ ಏನೋ ಕೇಳುತ್ತಾರೆ, ನಾನು ಹೂಂ ಎನ್ನುತ್ತೇನೆ. ಹಾಗೆ ಹೂಂ ಎಂದು ಎರಡು ಬಗೆಯ ಬ್ಯಾಂಡಿನವರಿಗೆ ಒಪ್ಪಿಗೆ ಕೊಟ್ಟಿದ್ದೇನಂತೆ. ಸುಶ್ರುತ ಎಂದರೆ ಚೆನ್ನಾಗಿ ಕೇಳಿಸಿಕೊಂಡವನು. ಆ ಹೆಸರು ಹುಡುಕಿ ಇಟ್ಟ ಅಪ್ಪ ಕಿವುಡನಾದ. ಮಗನಾದರೂ ಕೇಳಿಸಿಕೊಂಡನೇ ಎಂದರೆ, ಹೋಗಲಿ. ಧನಶ್ರೀ ಒಳ್ಳೆಯ ಹುಡುಗಿ. ನನ್ನ ಕಿವಿಯ ಹತ್ತಿರ ಬಾಗಿ ಮಾತಾಡುತ್ತಾಳೆ, ಕೂಗುವುದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳುವಷ್ಟು ಶಕ್ತಿ ಈಗ ಇಲ್ಲ ಎಂದು ಇಟ್ಟುಕೋ.

ಹೆಸರುಗಳ ಮಾತು. ಮತ್ತೆ ಹಾಕಲು ಕುಳಿತೆ, ಆಗಲಿಲ್ಲ. ‘ಅರಫಾತ್ ಟರ್ನ್ಸ್ ಅಪ್ ಲೇಟ್’ ಎಂದು ಬರೆಯುವಾಗ, ನಮ್ಮ ಡ್ರಾಯಿಂಗ್ ಮಾಸ್ತರ ಅರಫಾತನಿಗೆ ಈಗ ನಡೆಯಲು ಕೋಲು ಬೇಕು, ತಡವಾಗದೆ ಏನು ಎಂಬ ವಿಚಾರ ಬಂತು. ಪೆನ್ ನಿಂತಿತು. ‘ನೆಹೆಮಿಯಾ’ ಎಂದು ಬರೆದೆ, ಮುಂದಿನ ಕ್ರಿಯಾಪದ ಹೊಳೆಯಲಿಲ್ಲ. ಒಬ್ಬರ ಹೆಸರು ಬರೆದು ಮುಂದೆ ಡ್ಯಾಶ್ ಬಿಟ್ಟರೆ ಆ ಡ್ಯಾಶಿನಲ್ಲಿ ನಾಳೆ ಏನು ಬಂದು ಕೂಡುತ್ತದೋ ಎಂಬ ಹೆದರಿಕೆ. ಅದಕ್ಕೇ ಎ, ಬಿ, ಸಿ. ಅವರಿಗೆ ಮನೆ ಇಲ್ಲ, ಮಠ ಇಲ್ಲ, ಮದುವೆ ಮುರಿಯುವುದಿಲ್ಲ.

ದೀಪಾವಳಿಗೆ ಪ್ರತಿ ಕೊಡದಿದ್ದರೆ ಗುರುಬಸವ ಹಳೆಯದನ್ನೇ ಅಚ್ಚು ಹಾಕುತ್ತಾನೆ. ಹಾಗಾದರೆ ಬರುವ ಜೂನಿನಲ್ಲಿ ಆ ಹುಡುಗಿ ಮತ್ತೆ ಅಲ್ಲೇ ಕುಳಿತು ಹಾದಿ ನೋಡುತ್ತಾಳೆ. ನನ್ನಿಂದ ಇನ್ನು ಆಗದು, ತಂಗಿ. ಹಳೆಯ ಪ್ರತಿ, ಹೊಸ ಪ್ರತಿ ಎರಡೂ ನಿನ್ನ ಹತ್ತಿರವಿವೆ. ನೀನೇ ತಿದ್ದು. ನಿನಗೆ ಬೇಕಾದವರನ್ನು ಇಡು, ಬೇಡವಾದವರನ್ನು ಕಳಿಸು. ನನ್ನನ್ನೂ.

ದಣಿದ
ಕಾಕಾ


ಬೆಂಗೇರಿ, ಹುಬ್ಬಳ್ಳಿ
೩೦ ಅಕ್ಟೋಬರ್ ೨೦೨೪

ಕಾಕಾ,

ನಾಳೆ ದೀಪಾವಳಿ. ಪ್ರತಿಯನ್ನು ಇವತ್ತು ಮಧ್ಯಾಹ್ನ ನಾನೇ ಕಮರಿಪೇಟೆಗೆ ಒಯ್ದು ಕೊಟ್ಟು ಬಂದೆ. ಗುರುಬಸವ ಅವರು ನನ್ನೊಡನೆಯೂ ಕೂಗ್ಯಾಡಿಯೇ ಮಾತಾಡಿದರು. ನನಗೆ ಕಿವಿ ಕೇಳುತ್ತದೆ ಎಂದು ಎರಡು ಸಲ ಹೇಳಿದೆ. “ರೂಢಿ ಆಗಿಬಿಟ್ಟೈತ್ರಿ, ನಿಮ್ಮ ಕಾಕಾರಿಂದ!” ಎಂದು ಕೂಗಿದರು.

ಎಲ್ಲರನ್ನೂ ವಾಪಸ್ ಕರೆತಂದಿದ್ದೇನೆ. ಆದರೆ ನಿಮ್ಮ ಹಾಗೆ ಹೇಳದೆ ಕೇಳದೆ ಅಲ್ಲ, ಒಬ್ಬೊಬ್ಬರನ್ನೂ ಕೇಳಿಯೇ. ರಾಜಶೇಖರ ಸರ್ “ಚಾಕ್ ಕೊಡಬ್ಯಾಡ್ರಿ, ಹೆಸರ ಅಷ್ಟ ಕೊಡ್ರಿ” ಎಂದರು. ಅರಫಾತ ಸರ್ ಮನೆಗೆ ಹೋಗಿದ್ದೆ. ಕೋಲು ಗೋಡೆಗೆ ಒರಗಿಸಿ ಕುಳಿತಿದ್ದರು. “ಲೇಟಾಗಿ ಬರ್ತೇನಿ ಅಂತನ ಇರ್ಲವ್ವಾ. ಬರ್ತೇನಿ ಅಂತರ ಇರ್ತದಲ್ಲ” ಎಂದು ಹೇಳಿ ನಕ್ಕರು.

ಅಪ್ಪನನ್ನು ಕೊನೆಗೆ ಕೇಳಿದೆ. ತಿದ್ದಿದ ಹಾಳೆಯನ್ನು ಅವರ ಎದುರು ಇಟ್ಟು, ಗಟ್ಟಿಯಾಗಿ ಓದಬೇಕು, ನಿಮ್ಮ ಪದ್ಧತಿ ಹಾಗಿತ್ತಂತಲ್ಲ ಎಂದೆ. ಅವರು ಓದಿದರು: ನೆಹೆಮಿಯಾ ಪುಟ್ಸ್ ಅಪ್ ವಿತ್ ತ್ರ್ಯಂಬಕ. ಕನ್ನಡಕ ತೆಗೆದರು. ಒರೆಸಿಕೊಂಡರು. ಹಾಕಿಕೊಂಡರು.

“ತಗೀಲೇನಪ್ಪಾ?” ಎಂದೆ.

“ಯಾಕ? ಖರೇ ಐತಲ್ಲ. ಇರ್ಲಿ.” ಹಾಳೆಯನ್ನು ನನ್ನ ಕಡೆ ಸರಿಸಿ, “ಇಷ್ಟ ವರ್ಷ ಸಹಿಸಿಕೊಂಡೇನಿ, ಏಳು ವರ್ಷ ಸೂಟಿ ತಗೊಂಡಿದ್ನಿ” ಎಂದರು.

ಉಳಿದದ್ದು ನನ್ನ ವಾಕ್ಯ. ರಾಮನನ್ನು ಹುಡುಕಿ ತಂದು ಅವನ ರಜೆಯನ್ನು ಅವನಿಗೆ ಕೊಟ್ಟಿದ್ದೇನೆ. ಬಹಳ ವರ್ಷ ಹೊರಗೆ ನಿಂತಿದ್ದ ಪಾಪ. ಅವನು ಈಗ ಮೂರನೆಯ ವಾಕ್ಯ. ನಾಲ್ಕನೆಯದು ಖಾಲಿ ಬಿತ್ತು. ಅಲ್ಲಿ ಯಾರ ಹೆಸರನ್ನಾದರೂ ಹಾಕಿ ಮುಗಿಸಬಹುದಿತ್ತು. ಎಲ್ಲರಿಗೂ ಅವರವರ ಜಾಗ ಕೊಟ್ಟು ನನ್ನದೊಂದನ್ನೇ ಅಳಿಸಿದರೆ, ನಾನೇನೋ ತಪ್ಪು ಮಾಡಿ ಹೋದವಳ ಹಾಗೆ ಆಗುತ್ತಿತ್ತು. ನಾನು ಮಾಡಿದ್ದು ಏನೂ ಇಲ್ಲವಲ್ಲ, ಕಾಕಾ.

ಎರಡು ವಾರ ಬಸ್ಸಿನಲ್ಲಿ ಅದೇ ವಿಚಾರ. ಏನು ಮಾಡಲಿ ಈ ದೀನಾಳನ್ನು? ಅವಳಿಗೆ ಬಹುಮಾನ ಕೊಡಿಸೋಣವೆಂದರೆ ನಾಟಕ. ಬೆಟ್ಟ ಹತ್ತಿಸೋಣವೆಂದರೆ ಮಂಡಿನೋವು. ಹೀಗೆ ಕುಳಿತಿರುವಾಗ ಮೊನ್ನೆ ಕಂಡಕ್ಟರ್ “ರಾಯಾಪುರ, ರಾಯಾಪುರ, ಇಳೀರಿ ಲಗೂ” ಎಂದು ಕೂಗಿದ. ಇಳಿದೆ. ಇಳಿದ ಮೇಲೆ ತಿಳಿಯಿತು, ವಾಕ್ಯ ಆಯಿತಲ್ಲ ಎಂದು.

‘ದೀನಾ ಗೆಟ್ಸ್ ಡ್ಯಾಶ್ ದ ಬಸ್ ಅಟ್ ರಾಯಾಪುರ್.’

ಇಷ್ಟೇ. ಇದರಲ್ಲಿ ಯಾರೂ ಯಾರ ಹಾದಿಯನ್ನೂ ನೋಡುವುದಿಲ್ಲ.

ಮದುವೆಗೆ ನಾನು ಬರುವುದಿಲ್ಲ. ಅಪ್ಪ ಬರುತ್ತಾರೆ. ಹೊಸ ಅಂಗಿ ಹೊಲಿಸಲು ಹಾಕಿದ್ದಾರೆ, ನಿಮಗೆ ಹೇಳಬಾರದೆಂದು ಹೇಳಿದ್ದಾರೆ. ಬನ್ನಿ ಎಲೆ ಒಣಗಿದೆ. ಬೈಬಲ್ಲಿನಲ್ಲಿ ಇಟ್ಟಿದ್ದೇನೆ; ಎರಡೂ ಕಡೆಯ ದೇವರು ನೋಡಿಕೊಳ್ಳಲಿ.

ನಿಮ್ಮ
ದೀನಾ


ಮಾಳಮಡ್ಡಿ, ಧಾರವಾಡ
೧೨ ಡಿಸೆಂಬರ್ ೨೦೨೪

ಚಿ. ದೀನಾಗೆ,

ಲಗ್ನ ಮುಗಿಯಿತು. ಒಂದೇ ಬ್ಯಾಂಡ್ ಬಂತು, ನನಗೆ ಅದೂ ಕೇಳಲಿಲ್ಲ.

ನಿಮ್ಮಪ್ಪ ಹೊಸ ಅಂಗಿ ತೊಟ್ಟು ಬಂದ. ತೋಳು ಒಂದು ಬೆರಳು ಉದ್ದವಾಗಿದೆ, ಅವನಿಗೆ ಹೇಳಬೇಡ. ಸುಶ್ರುತ ಅವನ ಕಾಲಿಗೆ ನಮಸ್ಕಾರ ಮಾಡಿದ. ನೆಹೆಮಿಯಾ ಅವನ ತಲೆಯ ಮೇಲೆ ಕೈ ಇಟ್ಟ. ಇಬ್ಬರೂ ಏನೋ ಮಾತಾಡಿದರು. ತುಟಿ ಅಲುಗಿದ್ದು ಕಂಡಿತು. ಏನೆಂದು ನಾನು ಆಮೇಲೂ ಕೇಳಲಿಲ್ಲ. ಮುಂದೆ ಕೈಗೆ ಅಕ್ಷತೆ ಬಂದಾಗ ನಿಮ್ಮಪ್ಪ ನನ್ನ ಕಿವಿಗೆ ಬಾಗಿ, ಮಂಟಪಕ್ಕೆಲ್ಲ ಕೇಳುವಂತೆ ಅಂದ: “ಈ ಸಲ ಬರೊಬ್ಬರಿ ಜಾಗಾದಾಗ ಹಾಕ್ರಿ, ಮಾಸ್ತರ.”

ಊಟದ ಪಂಕ್ತಿಯಲ್ಲಿ ಕೊನೆಗೆ ನಾವಿಬ್ಬರೇ ಉಳಿದೆವು. ಕಾಶೀಬಾಯಿ ತಾನೇ ಬಂದು ಅವನ ಎಲೆಗೆ ಹೋಳಿಗೆ ಬಡಿಸಿ, ತುಪ್ಪ ಹಾಕಿ, ಇನ್ನೂ ಹಾಕಿದಳು. ‘ದೀನಾ ಹ್ಯಾಂಗಿದ್ದಾಳ?’ ಎಂದು ಕೇಳಿದಳಂತೆ. ನನ್ನ ಮನೆಯಲ್ಲಿ ನಿನ್ನ ಹೆಸರು ಬಂತು, ನನಗೆ ಕೇಳಲಿಲ್ಲ. ನೆಹೆಮಿಯಾ ಎಲೆಯ ಅಂಚಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ.

ಪ್ರೂಫ್ ಬಂದಿತ್ತು, ಓದಿದೆ. ಮಾಸ್ತರಿಕೆ ಬಿಡದು, ಒಂದು ತಕರಾರು: ನಿನ್ನ ನಾಲ್ಕನೆಯ ವಾಕ್ಯಕ್ಕೆ ಎರಡು ಉತ್ತರ ಬರುತ್ತವೆ. ‘ಆಫ್’ ಎಂದರೆ ಬಸ್ ಇಳಿಯುತ್ತಾಳೆ, ‘ಆನ್’ ಎಂದರೆ ಹತ್ತುತ್ತಾಳೆ. ಅಭ್ಯಾಸದ ಪುಸ್ತಕದಲ್ಲಿ ಹೀಗಿರಬಾರದು. ಕೆಂಪು ಪೆನ್ಸಿಲ್ ಕೈಗೆ ತೆಗೆದುಕೊಂಡೆ. ಮುಂಜಾನೆ ಒಂದು ಸರಿ, ಸಂಜೆ ಇನ್ನೊಂದು ಸರಿ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಪೆನ್ಸಿಲ್ ಕೆಳಗಿಟ್ಟೆ.

ರಾಜಶೇಖರನಿಗೆ ಮಾರ್ಚಿಯಲ್ಲಿ ಏನು ಹೇಳುತ್ತೀ ಎಂದು ಕೇಳುವುದಿಲ್ಲ. ಸಮಾಜ ವಿಜ್ಞಾನವೂ ಒಳ್ಳೆಯ ವಿಷಯವೇ. ಅದರಲ್ಲಿ ಸತ್ತವರ ಹೆಸರು ಮಾತ್ರ ಇರುತ್ತವೆ, ಅವರು ತಕರಾರು ಮಾಡುವುದಿಲ್ಲ.

ಗೇಟಿನ ಚಿಲಕ ಇನ್ನೂ ಹಾಗೆಯೇ ಇದೆ.

ಕಾಕಾ


ಬೆಂಗೇರಿ, ಹುಬ್ಬಳ್ಳಿ
೨೨ ಆಗಸ್ಟ್ ೨೦೨೫

ಕಾಕಾ,

ಇಷ್ಟು ತಿಂಗಳು ಬರೆಯಲಿಲ್ಲ. ನೀವೂ ಬರೆಯಲಿಲ್ಲ. ರವಿವಾರಕ್ಕೊಮ್ಮೆ ಅಪ್ಪ ನಿಮ್ಮಲ್ಲಿಗೆ ಬರುವುದರಿಂದ ಸುದ್ದಿಗೆ ಬರವಿಲ್ಲ. ಅವರು ಬಂದು ಹೇಳುವುದು ನೀವು ಹೇಳಿದ್ದೋ ಅವರು ಕೂಗಿದ್ದೋ ಎಂಬುದಷ್ಟೇ ತಿಳಿಯುವುದಿಲ್ಲ. ನಿಮ್ಮಲ್ಲಿ ಮತ್ತೆ ಚಹಾ ಕುಡಿಯಲು ಹತ್ತಿದ್ದಾರೆಂದು ನನಗೆ ಗೊತ್ತಾಗಿದೆ. ಉಪ್ಪು ಹಾಕಬೇಡಿರಿ.

ಮಾರ್ಚಿಯಲ್ಲಿ ರಾಜಶೇಖರ ಸರ್‌ಗೆ ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಜೂನಿನಲ್ಲಿ ವೇಳಾಪತ್ರಿಕೆಯಲ್ಲಿ ಒಂಬತ್ತನೆಯ ಇಯತ್ತೆ ಇಂಗ್ಲಿಷ್ ಎಂದು ನನ್ನ ಹೆಸರೇ ಇತ್ತು. ನೋಡಿ ಸಹಿ ಮಾಡಿದೆ.

ಇವತ್ತು ಹನ್ನೊಂದನೆಯ ಪಾಠ. ಹೊಸ ಪುಸ್ತಕ ಇನ್ನೂ ಆ ಪುಟಕ್ಕೆ ತಾನಾಗಿ ತೆರೆದುಕೊಳ್ಳುವುದಿಲ್ಲ, ಮಕ್ಕಳು ಹುಡುಕಬೇಕಾಯಿತು. ಹತ್ತನೆಯ ಇಯತ್ತೆಗೆ ಹೋದ ಗೀತಾಂಜಲಿ ಹೋಗುವಾಗ ಹೇಳಿಯೇ ಹೋಗಿದ್ದಳೆಂದು ಕಾಣುತ್ತದೆ. ನಾಲ್ಕನೆಯ ವಾಕ್ಯ ಬಂದ ಕೂಡಲೇ ಎಲ್ಲರೂ ತಲೆ ಎತ್ತಿ ನನ್ನನ್ನು ನೋಡಿದರು. ಕಿಟಕಿಯ ಪಕ್ಕದ ಹುಡುಗಿ ಕೇಳಿದಳು.

“ಟೀಚರ್, ಇದು ನೀವ ಏನ್ರಿ?”

ಬಾಯಲ್ಲಿ ಹಳೆಯ ಉತ್ತರವೇ ಬಂದಿತ್ತು. ಅದನ್ನು ನುಂಗಿದೆ.

“ಹೌದು. ನಾನ.”

“ಖರೇನ ರಾಯಾಪುರದಾಗ ಇಳೀತೀರಿ?”

“ದಿನಾ ಇಳೀತೇನಿ.”

“ಆಮ್ಯಾಲ್ರಿ?”

“ಆಮ್ಯಾಲೇನು? ಸಾಲಿಗೆ ಬರ್ತೇನಿ.”

ಇನ್ನೇನಾದರೂ ಇದೆಯೋ ಎಂದು ಅವಳು ಸ್ವಲ್ಪ ಕಾದಳು. ಏನೂ ಇರಲಿಲ್ಲ. ಅವಳು ಕುಳಿತಳು. ಹಿಂದಿನ ಬೆಂಚಿನಲ್ಲಿ ಯಾರೋ ಆಕಳಿಸಿದರು.

ಐದನೆಯ ವಾಕ್ಯಕ್ಕೆ ಹೋದೆವು.

ನಿಮ್ಮ
ದೀನಾ